ಮಜ್ಜಿಗೆ ಬೆಟ್ಟದ ಇನ್ನೊಂದು ದಾರಿ

ಗುಂಡ್ಲುಪೇಟೆಯಲ್ಲಿ ನಮ್ಮ ಅಬ್ಬಾ ಅಜ್ಮತ್ ಉಲ್ಲಾ ಅವರದ್ದೊಂದು ಅಂಗಡಿ. ಬಳೆ, ಅರಿಶಿನ, ಕುಂಕುಮ, ಊದುಬತ್ತಿ, ಮತ್ತೆ ಇಪ್ಪತ್ತೆರಡು ಬಣ್ಣದ ರಂಗೋಲಿ ಪುಡಿ ಮಾರುತ್ತೇವೆ. ನಮ್ಮ ಮನೆ ಬಾಗಿಲಿಗೆ ರಂಗೋಲಿ ಇಡುವ ಪದ್ಧತಿ ಇಲ್ಲ, ಆದರೆ ತಾಲೂಕಿನ ಅರ್ಧ ಬಾಗಿಲುಗಳ ಮುಂದೆ ಬೀಳುವುದು ನಮ್ಮದೇ ಪುಡಿ. ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಒಂದು ಕಪ್ಪು ಹಲಗೆ ಮಲಗಿಸಿಟ್ಟಿದ್ದೇವೆ. ದಿನಾ ಬೆಳಿಗ್ಗೆ ಅದರ ಮೇಲೊಂದು ಹೊಸ ರಂಗೋಲಿ ಬಿಡಿಸುವುದು ನನ್ನ ಕೆಲಸ. ಅದನ್ನು ನೋಡಿದ ಹೆಂಗಸರು ಒಂದು ಬಣ್ಣ ಕೇಳಲು ಬಂದವರು ನಾಲ್ಕು ಬಣ್ಣ ಕಟ್ಟಿಸಿಕೊಂಡು ಹೋಗುತ್ತಾರೆ. ಹನ್ನೆರಡನೇ ವಯಸ್ಸಿಗೆ ಶುರು ಮಾಡಿದ್ದು, ಈಗ ನನಗೆ ಇಪ್ಪತ್ತೇಳು. ಎಡಗಡೆ ಒಂದು ನವಿಲು ಕಂಡರೆ ಬಲಗಡೆ ಅದರ ಜೋಡಿ ನವಿಲು ಇಡುವ ತನಕ ನನಗೆ ಅನ್ನ ಸೇರುವುದಿಲ್ಲ. ಇದು ವಿದ್ಯೆಯಲ್ಲ, ಚಟ. ಈ ಚಟದಿಂದ ನಾನು ಒಂದು ಊರಿನ ದಾರಿಯನ್ನೇ ಮುಚ್ಚಿಸುವುದರಲ್ಲಿದ್ದೆ.

ಶುರುವಾದದ್ದು ಪ್ರಿಯಾಂಕ ಎನ್ನುವ ಮೈಸೂರಿನ ಹುಡುಗಿ ಅಂಗಡಿಗೆ ಬಂದು ಹನ್ನೆರಡು ಕೆಜಿ ರಂಗೋಲಿ ಪುಡಿ ಬೇಕು ಎಂದಾಗ. ಅಬ್ಬಾ ಯಾವ ಮದುವೆ ಎಂದು ಕೇಳಿದರು. ಮದುವೆಯಲ್ಲ, ನಕ್ಷೆ ಎಂದಳು. ಹಂಗಳದ ಆಚೆ ಮಜ್ಜಿಗೆ ಬೆಟ್ಟವಿದೆಯಲ್ಲ, ಅದರ ಸುತ್ತಿನ ರಾಷ್ಟ್ರೀಯ ಉದ್ಯಾನ ಮುಂದಿನ ಹತ್ತು ವರ್ಷ ಹೇಗಿರಬೇಕು ಎಂದು ಒಂದು ಯೋಜನೆ ಬರೆಯುತ್ತಿದ್ದಾರಂತೆ. ಈ ಸಲ ಜನರನ್ನೂ ಕೇಳಿ ಬರೆಯಬೇಕೆಂದು ತೀರ್ಮಾನವಾಗಿ, ಕೇಳುವ ಕೆಲಸ ಇವಳ ಸಂಸ್ಥೆಗೆ ಬಂದಿದೆ. ಕಾಗದ ಪೆನ್ನು ಕೊಟ್ಟರೆ ಹಳ್ಳಿ ಹೆಂಗಸರು ಹಿಂದೆ ಸರಿಯುತ್ತಾರೆ, ರಂಗೋಲಿ ಕೊಟ್ಟರೆ ಮುಂದೆ ಬರುತ್ತಾರೆ, ಅದಕ್ಕೆ ಬೆಟ್ಟ, ಕಟ್ಟೆ, ದಾರಿ ಎಲ್ಲವನ್ನೂ ಅವರ ಕೈಯಲ್ಲೇ ನೆಲದ ಮೇಲೆ ಬರೆಸುತ್ತೇನೆ ಎಂದಳು. ಒಳ್ಳೆಯ ಉಪಾಯ. ಇಂದಿಗೂ ಅದನ್ನು ಒಳ್ಳೆಯ ಉಪಾಯ ಎಂದೇ ಹೇಳುತ್ತೇನೆ, ಕೆಡಿಸಿದ್ದು ನಾನು.

ಪುಡಿಯ ಚೀಲಗಳನ್ನು ಸ್ಕೂಟರಿನಲ್ಲಿ ಹೇರಿಕೊಂಡು ನಾನೇ ಹೋದೆ. ಬೆಟ್ಟದ ಬುಡದ ಊರು ಕಾರೆಪಾಳ್ಯ. ನಲವತ್ತು ಮನೆ, ಒಂದು ಸ್ಕೂಲು. ಸ್ಕೂಲಿನ ಅಂಗಳದಲ್ಲಿ ಊರಿನ ಸ್ವಸಹಾಯ ಸಂಘದ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಕೂತಿದ್ದರು. ಅವರಲ್ಲಿ ಮುಂದಾಳು ಮಲ್ಲಿಗಮ್ಮ. ನಮ್ಮ ಅಂಗಡಿಗೆ ಹತ್ತು ವರ್ಷದಿಂದ ಬರುವವಳು, ಬಂದರೆ ಬಳೆಗಿಂತ ಮಾತು ಹೆಚ್ಚು ಕೊಟ್ಟು ಹೋಗುವವಳು. ಅವಳಿಗೆ ಎರಡು ಹಸು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲಿನ ಕ್ಯಾನು ಹೊತ್ತು ಹಂಗಳದ ಡೈರಿಗೆ ಹೋಗುತ್ತಾಳೆ. ಬೆಟ್ಟದ ಪಡುವಲ ಮಗ್ಗುಲಲ್ಲಿ ಕಾಡಿನ ಅಂಚು ಹಿಡಿದು ಹೋಗುವ ಕಾಲುದಾರಿಯಲ್ಲಿ ಎರಡು ಕಿಲೋಮೀಟರು, ಟಾರು ರಸ್ತೆ ಸುತ್ತಿದರೆ ಒಂಬತ್ತು. ಡೈರಿಯವರು ಸಂಜೆ ಆರೂವರೆಗೆ ಬಾಗಿಲು ಹಾಕಿದರೆ ಹಾಕಿದ ಹಾಗೆಯೇ. ಆಮೇಲೆ ತಂದ ಹಾಲನ್ನು ಅವರು ಮೂಸಿಯೂ ನೋಡುವುದಿಲ್ಲ.

ಹೆಂಗಸರು ನಡುವೆ ಬೆಟ್ಟ ಬರೆದರು. ಪಡುವಲ ಕಡೆ ಎಮ್ಮೆಕಟ್ಟೆ, ಅದರ ದಂಡೆಯಲ್ಲಿ ಮಾರಮ್ಮನ ಕಲ್ಲು, ಪಕ್ಕದಲ್ಲೇ ಡೊಂಕು ಡೊಂಕಾಗಿ ಹಂಗಳದ ಕಾಲುದಾರಿ. ದಾರಿ ಬರೆದದ್ದು ಮಲ್ಲಿಗಮ್ಮನೇ. ಯಾವ ತಿರುವಿನಲ್ಲಿ ಹುಣಸೆ ಮರ, ಎಲ್ಲಿ ಕ್ಯಾನು ಇಳಿಸಿ ಸುಧಾರಿಸಿಕೊಳ್ಳುವ ಬಂಡೆ, ಎಲ್ಲವನ್ನೂ ಹೇಳಿಕೊಂಡೇ ಬರೆದಳು. ಅಷ್ಟರಲ್ಲಿ ಚಿತ್ರಾನ್ನ ಬಂತು. ಎಲ್ಲರೂ ಕೈ ತೊಳೆಯಲು ಎದ್ದರು. ಪ್ರಿಯಾಂಕ ಫೋನು ಹಿಡಿದು ಸಿಗ್ನಲ್ ಹುಡುಕುತ್ತಾ ರಸ್ತೆಗೆ ಹೋದಳು.

ಅಂಗಳದಲ್ಲಿ ನಾನು, ಅರ್ಧ ರಂಗೋಲಿ, ಮಿಕ್ಕ ಪುಡಿ. ಪಡುವಲ ಅರ್ಧ ತುಂಬಿ ತುಳುಕುತ್ತಿದೆ, ಮೂಡಲ ಅರ್ಧ ಬೋಳು ನೆಲ. ಹಾಗೆ ಬಿಟ್ಟು ಏಳುವುದು ನನ್ನ ಕೈಲಾಗಲಿಲ್ಲ. ಬಲಗಡೆಯೂ ಒಂದು ಕಟ್ಟೆ ಬರೆದೆ. ಅದರ ಪಕ್ಕ ಒಂದು ಕಾಲುದಾರಿ ಬರೆದೆ, ಮಲ್ಲಿಗಮ್ಮನ ದಾರಿ ಎಲ್ಲೆಲ್ಲಿ ಡೊಂಕೋ ಅಲ್ಲಲ್ಲೇ ಡೊಂಕು. ಮರಕ್ಕೆ ಮರ, ಬಂಡೆಗೆ ಬಂಡೆ. ಕೊನೆಗೆ ಸುತ್ತ ಒಂದು ಬಳ್ಳಿಯ ಅಂಚು ಕೊಟ್ಟೆ. ಇಪ್ಪತ್ತು ನಿಮಿಷದ ಕೆಲಸ. ಊಟ ಮುಗಿಸಿ ಬಂದ ಹೆಂಗಸರು ನೋಡಿ, ಈಗ ಒಂದು ಕಳೆ ಬಂತು ಎಂದರು. ಪ್ರಿಯಾಂಕ ಸ್ಕೂಲಿನ ತಾರಸಿ ಹತ್ತಿ ಫೋಟೋ ತೆಗೆದಳು, ಒಂದು ಹಾಳೆಯ ಮೇಲೆ ಹೆಂಗಸರೆಲ್ಲರ ಸಹಿ ಹಾಕಿಸಿಕೊಂಡಳು. ಇವರಿಗೆ ಅದು ರಂಗೋಲಿ, ಅವಳಿಗೆ ನಕ್ಷೆ. ಯಾರೂ ಸುಳ್ಳು ಹೇಳಲಿಲ್ಲ. ಯಾರನ್ನೂ ಯಾರೂ ಕೇಳಲೂ ಇಲ್ಲ.

ನಾಲ್ಕು ತಿಂಗಳಾದ ಮೇಲೆ ಪಂಚಾಯ್ತಿಯಲ್ಲಿ ಕೆಲಸದಲ್ಲಿರುವ ಮಲ್ಲಿಕಾರ್ಜುನಸ್ವಾಮಿ ಅಂಗಡಿಗೆ ಬಂದು ದಪ್ಪನೆಯ ಪುಸ್ತಕವೊಂದನ್ನು ಗಲ್ಲಾದ ಮೇಲಿಟ್ಟರು. ಮಜ್ಜಿಗೆ ಬೆಟ್ಟದ ಹತ್ತು ವರ್ಷದ ಕರಡು ಯೋಜನೆ. ಮುಖಪುಟದ ತುಂಬ ನಮ್ಮ ರಂಗೋಲಿ, ಬಣ್ಣಬಣ್ಣವಾಗಿ. ಅಬ್ಬಾ ಅದನ್ನು ಬಂದ ಗಿರಾಕಿಗಳಿಗೆಲ್ಲ ತೋರಿಸಿ, ಇದರಲ್ಲಿರುವ ನೀಲಿ ಈಗಲೂ ಸ್ಟಾಕ್ ಇದೆ ಎಂದು ಹೇಳಿದ್ದೇ ಹೇಳಿದ್ದು. ನಾನೂ ಬೀಗಿದೆ, ಸುಳ್ಳು ಯಾಕೆ ಹೇಳಲಿ. ಸಂಜೆ ಗಿರಾಕಿ ಕಡಿಮೆಯಾದಾಗ ಪುಟ ತಿರುವುತ್ತಾ ಹೋದೆ. ನಲವತ್ಮೂರನೇ ಪುಟದಲ್ಲಿ ಹೀಗಿತ್ತು:

"ಗ್ರಾಮಸ್ಥರೇ ರಚಿಸಿದ ನಕ್ಷೆಯಂತೆ ಬೆಟ್ಟದ ಬುಡದಲ್ಲಿ ಎರಡು ಸಮಾನಾಂತರ ಕಾಲುದಾರಿಗಳಿವೆ. ವನ್ಯಜೀವಿಗಳ ಓಡಾಟದ ಹಿತದೃಷ್ಟಿಯಿಂದ ಪೂರ್ವದ ದಾರಿಯನ್ನು ಉಳಿಸಿಕೊಂಡು ಅಭಿವೃದ್ಧಿಪಡಿಸುವುದು, ಪಶ್ಚಿಮದ ದಾರಿಯನ್ನು ಶಾಶ್ವತವಾಗಿ ಮುಚ್ಚುವುದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕೈ ನೋಡಿಕೊಂಡೆ. ಅಭಿವೃದ್ಧಿಪಡಿಸಬೇಕಾದ ಆ ಪೂರ್ವದ ದಾರಿ ಈ ಭೂಮಿಯ ಮೇಲೆ ಇದ್ದದ್ದು ಒಂದೇ ಮಧ್ಯಾಹ್ನ, ಅದೂ ಕಾರೆಪಾಳ್ಯದ ಸ್ಕೂಲಿನ ಅಂಗಳದಲ್ಲಿ. ಮಾರನೆಯ ದಿನ ಅಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡಿರುತ್ತಾರೆ. ಕಾಡು ಕಾಯುವ ಯಾವ ಗಾರ್ಡ್‌ನನ್ನು ಕೇಳಿದ್ದರೂ ಅಲ್ಲಿ ದಾರಿಯೇ ಇಲ್ಲ ಎಂದು ಹೇಳುತ್ತಿದ್ದ. ಆದರೆ ಜನರೇ ಬರೆದುಕೊಟ್ಟ ನಕ್ಷೆಯನ್ನು ಅನುಮಾನಿಸುವುದು ಹೇಗೆ ಎಂದು ಬರೆಯುವವರಿಗೆ ಅನ್ನಿಸಿರಬೇಕು. ಆಕ್ಷೇಪಣೆ ಹೇಳಲು ಇನ್ನು ಐದು ದಿನ ಬಾಕಿ ಇತ್ತು. ಕೊನೆಯ ದಿನ ಚಾಮರಾಜನಗರದಲ್ಲಿ ಸಾರ್ವಜನಿಕ ಸಭೆ.

ಅಬ್ಬಾಗೆ ಹೇಳಿದೆ. ಅವರು ಕಟ್ಟಿಟ್ಟ ಪೊಟ್ಟಣವೊಂದನ್ನು ಬಿಚ್ಚಿ ಮತ್ತೆ ಕಟ್ಟಿದರು. ಸಾಬರ ಹುಡುಗಿ ನಮ್ಮ ರಂಗೋಲಿ ಕೆಡಿಸಿದಳು ಎಂದು ಯಾರಾದರೂ ಒಂದು ಮಾತು ಆಡಿದರೆ ಸಾಕು, ಅಜ್ಜನ ಕಾಲದಿಂದ ಕಟ್ಟಿದ ಅಂಗಡಿ ಮುಳುಗಿತು ಎನ್ನುವ ಯೋಚನೆ ಅವರ ಮುಖದ ಮೇಲೇ ಓಡಾಡುತ್ತಿತ್ತು. ನನಗೂ ಅದೇ ಭಯ. ಕೊನೆಗೆ ಅವರು ಹೋಗಿ ಹೇಳು ಎಂದರು, ಆದರೆ ತಪ್ಪು ಕೈಯದ್ದು, ಪುಡಿಯದ್ದಲ್ಲ ಎನ್ನುವುದನ್ನು ಮರೆಯದೆ ಸೇರಿಸು ಎಂದೂ ಹೇಳಿದರು. ವ್ಯಾಪಾರಿ ಅಂದರೆ ಹೀಗಿರಬೇಕು.

ಕಾರೆಪಾಳ್ಯಕ್ಕೆ ಹೋದರೆ ಮಲ್ಲಿಗಮ್ಮನ ನಡುಮನೆಯ ಗೋಡೆಯ ಮೇಲೆ ಆ ಮುಖಪುಟ. ಫ್ರೇಮು ಹಾಕಿಸಿದ್ದಾಳೆ, ದೇವರ ಪಟಗಳ ಸಾಲಿನಲ್ಲೇ ನೇತು ಹಾಕಿ ಕುಂಕುಮವನ್ನೂ ಇಟ್ಟಿದ್ದಾಳೆ. ಬೇಗೂರಿನಿಂದ ಬಂದ ನೆಂಟರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಹೋದರಂತೆ. ಮಲ್ಲಿಗಮ್ಮ ಕೊಟ್ಟ ಕಾಫಿ ಕುಡಿದೆ. ಲೋಟ ಇಟ್ಟವಳೇ ಕಣ್ಣು ಮುಚ್ಚಿ ಎಲ್ಲ ಹೇಳಿಬಿಟ್ಟೆ. ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರೂ ಸೇರಿದ್ದರು.

ದಾರಿ ಮುಚ್ಚುತ್ತಾರೆ ಎಂದಾಗ ಎಲ್ಲರಿಗೂ ಸಿಟ್ಟು ಬಂತು. ಆದರೆ ನಕ್ಷೆ ತಪ್ಪು ಎಂದು ನಾವೇ ಹೋಗಿ ಹೇಳಬೇಕು ಎಂದಾಗ ಇನ್ನೂ ಹೆಚ್ಚು ಸಿಟ್ಟು ಬಂತು. ಜಿಲ್ಲೆಗೆಲ್ಲ ಹೆಸರಾದ ರಂಗೋಲಿ ಅದು. ತಪ್ಪು ಎಂದರೆ ಮುಖಪುಟದಿಂದ ತೆಗೆದುಹಾಕುತ್ತಾರೆ. ಎದುರು ಮನೆಯ ಪುಟ್ಟಮಾದಮ್ಮ, ಎಪ್ಪತ್ತು ದಾಟಿದವಳು, ಅದಕ್ಕೊಂದು ಪರಿಹಾರವನ್ನೂ ಹೇಳಿದಳು: ಸರ್ಕಾರದವರು ದಾರಿ ಮಾಡಿಕೊಡುತ್ತೇವೆ ಎಂದು ಬರೆದಿದ್ದಾರಲ್ಲ, ಮೂಡಲ ಕಡೆ ಮಾಡಿಕೊಡಲಿ, ನಮಗೇನು ನಷ್ಟ. ಕೆಲವರು ತಲೆಯಾಡಿಸಿದರು. ಮಲ್ಲಿಗಮ್ಮ ಮಾತ್ರ ಹಾಲು ಕರೆಯುವ ಹೊತ್ತಾಯಿತು ಎಂದು ಎದ್ದು ಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹತ್ತು ವರ್ಷದಲ್ಲಿ ಅವಳು ನನ್ನ ಹತ್ತಿರ ಮಾತಾಡದೆ ಹೋದದ್ದು ಅದೇ ಮೊದಲು. ಸ್ಕೂಟರು ಓಡಿಸಿಕೊಂಡು ಬರುವಾಗ ಹಂಗಳದ ತನಕ ಅತ್ತೆ, ಆಮೇಲೆ ಹೈವೇಯಲ್ಲಿ ಲಾರಿಗಳು ಜಾಸ್ತಿ ಎಂದು ಅಳು ನಿಲ್ಲಿಸಿದೆ.

ಸಭೆಯ ದಿನ ಚಾಮರಾಜನಗರಕ್ಕೆ ಒಬ್ಬಳೇ ಹೊರಟೆ. ಅಬ್ಬಾ ಎರಡು ಕೆಜಿ ಬಿಳಿ ಪುಡಿ, ಅರ್ಧರ್ಧ ಕೆಜಿ ಹಸಿರು, ನೀಲಿ, ಕೆಂಪು ಕಟ್ಟಿ ಚೀಲಕ್ಕೆ ಹಾಕಿದರು. ಯಾಕೆ ಎಂದರೆ, ಪುಡಿಯಲ್ಲಿ ಆದ ತಪ್ಪನ್ನು ಪುಡಿಯಲ್ಲೇ ತೋರಿಸಬೇಕಾಗಬಹುದು ಎಂದರು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ನೋಡಿದರೆ ಮಲ್ಲಿಗಮ್ಮ, ಪುಟ್ಟಮಾದಮ್ಮ, ಇನ್ನೂ ಆರು ಜನ ಒಳ್ಳೆಯ ಸೀರೆ ಉಟ್ಟು ಬಸ್ಸಿನಲ್ಲಿ ಆಗಲೇ ಕೂತಿದ್ದಾರೆ. ಮಲ್ಲಿಗಮ್ಮನ ಪಕ್ಕದ ಸೀಟಿನಲ್ಲಿ ಅವಳ ಕೈಚೀಲವಿತ್ತು. ಅದನ್ನು ಅವಳು ತೆಗೆಯಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ಇವರು ನಕ್ಷೆ ಸರಿ ಎಂದು ಹೇಳಲು ಹೊರಟಿದ್ದಾರೋ ತಪ್ಪು ಎಂದು ಹೇಳಲು ಹೊರಟಿದ್ದಾರೋ ಎಂದು ಎಣಿಕೆ ಹಾಕುತ್ತಾ ಅವರ ಮುಡಿಯ ಕನಕಾಂಬರ ನೋಡಿಕೊಂಡು ಹೋದೆ.

ಸಭೆಯಲ್ಲಿ ಜನ ಗಿಜಿಗುಡುತ್ತಿದ್ದರು. ರೆಸಾರ್ಟಿನವರು, ಜೀಪಿನವರು, ಹುಲಿ ಫೋಟೋ ತೆಗೆಯುವವರು, ಚಂದಕವಾಡಿಯಿಂದ ಬಂದ ರೈತ ಸಂಘದವರು. ಒಬ್ಬೊಬ್ಬರಿಗೆ ಐದು ನಿಮಿಷ. ಮೈಕು ಸಿಕ್ಕವರು ಮೊದಲ ನಾಲ್ಕು ನಿಮಿಷ ವೇದಿಕೆಯ ಮೇಲಿದ್ದವರ ಹೆಸರು ಹೇಳಿ ಗೌರವ ಸಲ್ಲಿಸುವುದರಲ್ಲೇ ಕಳೆಯುತ್ತಿದ್ದರು. ವೇದಿಕೆಯ ನಡುವೆ ಅರಣ್ಯದ ದೊಡ್ಡ ಸಾಹೇಬರು, ತೆಳ್ಳನೆಯ ಮನುಷ್ಯ, ಎಲ್ಲರ ಮಾತನ್ನೂ ತಾವೇ ಬರೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಪ್ರಿಯಾಂಕ. ನನ್ನನ್ನು ನೋಡಿ ನಕ್ಕಳು, ಪಾಪ.

ನನ್ನ ಹೆಸರು ಬಂತು. ಹೆಸರು, ಊರು ಹೇಳಿ, ಆ ಮುಖಪುಟದ ಬಲಗಡೆಯ ಅರ್ಧ ನಿಜವಲ್ಲ ಎಂದೆ. ಅಲ್ಲಿ ಕಟ್ಟೆ ಇಲ್ಲ, ದಾರಿ ಇಲ್ಲ, ಜೋಡಿ ಸರಿಹೋಗಲಿ ಎಂದು ನಾನು ಬರೆದದ್ದು, ನಾನು ಆ ಬೆಟ್ಟದ ಆ ಮಗ್ಗುಲನ್ನು ಜನ್ಮದಲ್ಲಿ ನೋಡಿಲ್ಲ ಎಂದೆ. ಪುಡಿಯ ವಿಷಯವನ್ನೂ ಸೇರಿಸಿದೆ. ಸಭಾಂಗಣದಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಪ್ರಿಯಾಂಕಳ ಮುಖ ಮಾತ್ರ ಸುಣ್ಣವಾಯಿತು. ಸಾಹೇಬರು ನಗಲಿಲ್ಲ. ನೀವು ಕಾರೆಪಾಳ್ಯದವರೇ ಎಂದು ಕೇಳಿದರು. ಅಲ್ಲ, ಗುಂಡ್ಲುಪೇಟೆ ಎಂದೆ. ಹಾಗಾದರೆ ಇದು ಊರಿನವರ ನಕ್ಷೆ, ಊರಿನವರ ಸಹಿ ಇದೆ, ತಪ್ಪು ಎಂದು ಊರಿನವರೇ ಹೇಳಬೇಕಲ್ಲ ಎಂದರು. ನಾನು ಮೈಕು ಹಿಡಿದುಕೊಂಡು ಕಾರೆಪಾಳ್ಯದ ಹೆಂಗಸರು ಕೂತಿದ್ದ ಹಿಂದಿನ ಸಾಲಿನ ಕಡೆ ನೋಡಿದೆ.

ಮಲ್ಲಿಗಮ್ಮ ಎದ್ದಳು. ಮೈಕಿನ ಹತ್ತಿರ ಬಂದು ಅದರ ಕಡೆ ನೋಡದೆ ನನ್ನ ಕಡೆ ನೋಡಿ ಮಾತಾಡಿದಳು.

"ನೀನು ಒಬ್ಳೆ ಯಾಕಮ್ಮಿ ಹೊತ್ಕತೀಯಾ? ನೀ ಆ ಕಡೆ ಬರೀವಾಗ ನಾನು ಅನ್ನದ್ ತಟ್ಟೆ ಇಡ್ಕಂಡು ಜಗಲಿ ಮ್ಯಾಗೇ ನಿಂತಿದ್ದೆ. ಅಲ್ಲಿ ದಾರಿ ಇಲ್ಲ ಕಣಮ್ಮಿ ಅಂತ ಒಂದು ಮಾತು ಅಂದಿದ್ರೆ ಆಗೋದು. ಚೆಂದಾಗಿ ಕಾಣ್ತಿತ್ತು, ಸುಮ್ಕಾಗ್ಬುಟ್ಟೆ. ನಾಕು ದಿನದಿಂದ ನಿನ್ನ ಮೊಕ ನೋಡಾಕೆ ನಂಗೇ ಆಗ್ನಿಲ್ಲ."

ಸಿಟ್ಟಲ್ಲ, ಅದು ನಾಚಿಕೆ. ನಾನು ನಾಲ್ಕು ದಿನ ಸುಮ್ಮನೆ ಒದ್ದಾಡಿದ್ದೆ. ಸಾಹೇಬರು, ಹಾಗಾದರೆ ಸರಿಯಾದದ್ದು ಯಾವುದು ಎಂದು ಕೇಳಿದರು. ಬಾಯಲ್ಲಿ ಹೇಳಿದರೆ ಮತ್ತೆ ಯಾರಾದರೂ ತಪ್ಪು ಬರೆದುಕೊಳ್ಳುತ್ತಾರೆ ಎಂದು ಪುಟ್ಟಮಾದಮ್ಮ ಕೂತಲ್ಲಿಂದಲೇ ಹೇಳಿದಳು. ನನ್ನ ಚೀಲ ಬಿಚ್ಚಿದೆ.

ಸಭಾಂಗಣದ ಹೊರಗಿನ ವರಾಂಡದಲ್ಲಿ, ಬಿಳಿ ಟೈಲ್ಸಿನ ಮೇಲೆ ಬಿಳಿ ಪುಡಿ ಕಾಣಿಸುವುದಿಲ್ಲ ಎಂದು ಹೆಂಗಸರು ಬೆಟ್ಟವನ್ನೇ ಕೆಂಪಿನಲ್ಲಿ ಬರೆದರು. ಪಡುವಲಿಗೆ ಕಟ್ಟೆ, ಕಲ್ಲು, ಡೊಂಕು ದಾರಿ. ನನ್ನನ್ನು ಯಾರೂ ಕೂರಿಸಿಕೊಳ್ಳಲಿಲ್ಲ. ನಾನೂ ಎರಡು ಕೈಗಳನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿ ನಿಂತೆ. ಇವರಿಗೂ ಸುಲಭವಾಗಲಿಲ್ಲ. ಒಬ್ಬಾಕೆಯ ಬೆರಳು ಅಭ್ಯಾಸಬಲದಿಂದ ಮೂಡಲ ಕಡೆ ಹೊರಳಿದಾಗ ಮಲ್ಲಿಗಮ್ಮ ಮಣಿಕಟ್ಟು ಹಿಡಿದು ಎಳೆದಳು. ಅರ್ಧ ಮಾತ್ರ ಇರುವ ರಂಗೋಲಿಯ ಸುತ್ತ ಸಭೆಯ ಜನವೆಲ್ಲ ಬಂದು ನಿಂತರು. ನೋಡಲು ಚೆನ್ನಾಗಿರಲಿಲ್ಲ. ನನಗಂತೂ ಹಲ್ಲು ಜುಮ್ಮೆನ್ನುತ್ತಿತ್ತು.

ಸಾಹೇಬರು ಬೋಳು ಬಿಟ್ಟ ಅರ್ಧದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಈ ಕಡೆ ಖಾಲಿಯೇ ಎಂದು ಕೇಳಿದರು.

"ಖಾಲಿ ಎಲ್ಲಿ ಅದೆ ಸಾಮಿ?" ಎಂದಳು ಮಲ್ಲಿಗಮ್ಮ. "ಅದು ಆನೆದು. ಅದ್ಕೇ ನಾವು ಆ ಕಡೆ ಕಾಲಿಡಾಕಿಲ್ಲ. ಕಾಲೇ ಇಡ್ದಿದ್ಮ್ಯಾಲೆ ದಾರಿ ಎಲ್ಲಿಂದ ಬಂದಾತು?"

ಸಾಹೇಬರು ಎದ್ದು ನಿಂತರು. ಆಮೇಲೆ ಪುಸ್ತಕ ತರಿಸಿ, ನಲವತ್ಮೂರನೇ ಪುಟ ತೆಗೆದು, ಎರಡು ಸಾಲಿನ ಮೇಲೂ ಅಡ್ಡಗೆರೆ ಎಳೆದರು. ಪೂರ್ವದಲ್ಲಿ ದಾರಿ ಮಾಡಕೂಡದು, ಪಶ್ಚಿಮದ ದಾರಿ ಬೆಳಕಿರುವಾಗ ಊರಿನವರಿಗೆ ಇರಲಿ ಎಂದು ಅಂಚಿನಲ್ಲಿ ಬರೆದು, ಎಲ್ಲರ ಎದುರಿಗೇ ಸಹಿ ಹಾಕಿದರು. ಪ್ರಿಯಾಂಕ ತಾರಸಿ ಹುಡುಕಲಿಲ್ಲ, ಕುರ್ಚಿಯ ಮೇಲೆ ನಿಂತು ಫೋಟೋ ತೆಗೆದಳು, ತೆಗೆದ ಮೇಲೆ ಕೆಳಗಿಳಿದು ಪ್ರತಿ ಗೆರೆಯೂ ಏನೆಂದು ಕೇಳಿ ಬರೆದುಕೊಂಡಳು. ಮುಖಪುಟಕ್ಕೆ ಇದನ್ನೇ ಹಾಕುತ್ತೀರಾ ಎಂದು ಪುಟ್ಟಮಾದಮ್ಮ ವಿಚಾರಿಸಿದಳು. ಬಹುಶಃ ಹುಲಿ ಹಾಕುತ್ತಾರೆ ಎಂದು ಗೊತ್ತಾಗಿ, ಹುಲಿ ಏನು ಬರೆದುಕೊಟ್ಟಿದೆ ಎಂದು ಕೇಳಿದಳು. 

ವಾಪಸು ಬಸ್ಸಿನಲ್ಲಿ ಮಲ್ಲಿಗಮ್ಮ ನನ್ನನ್ನು ಕಿಟಕಿ ಪಕ್ಕ ಕೂರಿಸಿಕೊಂಡು, ತಾನು ಪಕ್ಕದಲ್ಲಿ ಕೂತು, ನಾಲ್ಕು ದಿನದ ಬಾಕಿ ಮಾತನ್ನೆಲ್ಲ ತೆರಕಣಾಂಬಿ ಬರುವಷ್ಟರಲ್ಲಿ ಆಡಿ ಮುಗಿಸಿದಳು. ಸಂಜೆಯ ಹಾಲು ಕರೆದು ಡೈರಿಗೆ ಹಾಕುವ ಕೆಲಸವನ್ನು ಗಂಡ ಮುದ್ದಯ್ಯನಿಗೆ ವಹಿಸಿ ಬಂದಿದ್ದಳು. ಆರು ಗಂಟೆಗೆ ಅವನ ಫೋನು ಬಂತು. ಬಸ್ಸಿನ ಸದ್ದಿಗೆ ಸ್ಪೀಕರಿಗೆ ಹಾಕಿದಳು. ಅವನು ಪಿಸುಗುಟ್ಟುತ್ತಿದ್ದ. ಕ್ಯಾನು ಹೊತ್ತು ಅರ್ಧ ದಾರಿ ಬಂದಿದ್ದಾನೆ, ಹುಣಸೆ ಮರದ ತಿರುವಿನಲ್ಲಿ ಒಂಟಿ ಸಲಗ ದಾರಿಗೆ ಅಡ್ಡವಾಗಿ ನಿಂತು ಬಿದಿರು ಮುರಿಯುತ್ತಿದೆ. ಆಗಲೇ ಕಾಲು ಗಂಟೆಯಾಯಿತು. ಡೈರಿ ಬಾಗಿಲು ಹಾಕುವುದಕ್ಕೆ ಇನ್ನು ಅರ್ಧ ಗಂಟೆ, ಪಟಾಕಿ ಹಚ್ಚಿ ಓಡಿಸಲೇ ಎಂದು ಕೇಳಿದ.

ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಮಲ್ಲಿಗಮ್ಮನ ಕಡೆ ತಿರುಗಿದರು. ಸರ್ಕಾರವೇ ಸಹಿ ಹಾಕಿಕೊಟ್ಟ ದಾರಿ, ಸಹಿ ಬಿದ್ದು ಇನ್ನೂ ಮೂರು ತಾಸಾಗಿಲ್ಲ.

"ಬ್ಯಾಡ, ಬುಡು," ಎಂದಳು ಅವಳು ಫೋನಿಗೆ ಬಾಯಿ ಹತ್ತಿರ ತಂದು. "ಅದು ಓಗೋಗಂಟ ಅಲ್ಲೇ ಮರೆಯಾಗಿ ನಿಂತ್ಕೊ. ಓದ್ಮ್ಯಾಲೆ ನೀನು ಓಗು. ಡೈರಿ ಮುಚ್ಚಿದ್ರೆ ಹಾಲು ಮನೆಗೆ ತಕ್ಕಬಾ, ಹೆಪ್ಪಾಕನ."

ಫೋನು ಇಟ್ಟು, ನಾಳೆ ಬೆಳಿಗ್ಗೆ ಕಾರೆಪಾಳ್ಯಕ್ಕೆ ಬಂದು ಮೊಸರು ತೆಗೆದುಕೊಂಡು ಹೋಗು ಎಂದು ನನಗೆ ಹೇಳಿದಳು.